ಗುಪ್ತಲಿಪಿ ಮನೆಯಲ್ಲೊಂದು ಶನಿವಾರ

ನಮ್ಮ ಕಾರ್ಲ್‌ಸ್ಕ್ರೂನಾದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಪೈನ್ ಮರಗಳ ನಡುವೆ ಹಳದಿ ಬಣ್ಣದ ದೊಡ್ಡದೊಂದು ಮರದ ಮನೆ ಸಿಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಕೂತವರು ಬೇರೆ ದೇಶಗಳ ಸೈನ್ಯದವರು ಕಳಿಸುತ್ತಿದ್ದ ಗುಪ್ತ ಸಂದೇಶಗಳನ್ನು ಬಿಡಿಸಿ ಓದುತ್ತಿದ್ದರು. ಈಗ ಅದು ಮ್ಯೂಸಿಯಂ. ಆ ಯುದ್ಧದಲ್ಲಿ ಸ್ವೀಡನ್ ಯಾರ ಪಕ್ಷವನ್ನೂ ವಹಿಸಲಿಲ್ಲ ಎಂದು ಇಲ್ಲಿನವರು ಹೇಳಿಕೊಳ್ಳುತ್ತಾರೆ. ಪಕ್ಷ ವಹಿಸಲಿಲ್ಲ, ನಿಜ; ಆದರೆ ಎಲ್ಲರ ಮಾತಿಗೂ ಕಿವಿ ಕೊಟ್ಟಿತ್ತು. ನಮ್ಮ ಬೆಂಗಳೂರಿನ ವಠಾರಗಳಲ್ಲಿ ಇಂಥವರು ಸಾಲಿಗೊಬ್ಬರು ಇರುತ್ತಿದ್ದರು, ಅವರಿಗಾಗಿ ಯಾರೂ ಮ್ಯೂಸಿಯಂ ಕಟ್ಟಲಿಲ್ಲ.

ಏಪ್ರಿಲ್ ತಿಂಗಳ ಒಂದು ಶನಿವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ನಾನಾಗಿ ಹೋದೆ ಎನ್ನಲಾರೆ. ಆಗೆಲ್ಲ ನಾನು ಕರೆದಲ್ಲಿಗೆ ಹೋಗುತ್ತಿದ್ದೆ, ಕೂರಿಸಿದಲ್ಲಿ ಕೂರುತ್ತಿದ್ದೆ. ಅದಕ್ಕೆ ಹಿಂದಿನ ನವೆಂಬರಿನಲ್ಲಿ, ನನಗೆ ಎಂಟು ತಿಂಗಳಾಗಿದ್ದಾಗ, ಹೊಟ್ಟೆಯಲ್ಲಿದ್ದ ಮಗು ಒದೆಯುವುದನ್ನು ನಿಲ್ಲಿಸಿತು. ಆಸ್ಪತ್ರೆಗೆ ಹೋದೆವು. ಹೆತ್ತೆ. ಹೆಣ್ಣು ಮಗು. ನರ್ಸು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಳು, ಎತ್ತಿಕೊಂಡು ಕೂತಿದ್ದೆ. ಹುಟ್ಟಿದವರಿಗೆಲ್ಲ ಒಂದು ಪರ್ಸೂನ್‌ನುಮ್ಮರ್ ಕೊಟ್ಟು, ಬ್ಯಾಂಕಿನಿಂದ ಹಿಡಿದು ಲೈಬ್ರರಿಯವರೆಗೆ ಅದೇ ಸಂಖ್ಯೆಯನ್ನು ಕೇಳುವ ದೇಶ ಇದು. ಉಸಿರಾಡದೆ ಬಂದವರಿಗೆ ಆ ಸಂಖ್ಯೆ ಬರುವುದಿಲ್ಲ.

ಆಮೇಲೆ ನನಗೆ ಏನೂ ಅನ್ನಿಸಲಿಲ್ಲ. ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಮೈಯೆಲ್ಲ ಹಾಗಿತ್ತು. ಅನ್ನ ಮಾಡಿದೆ, ಬಟ್ಟೆ ಮಡಿಸಿದೆ, ರಜೆ ಮುಗಿದ ಮೇಲೆ ಕೆಲಸಕ್ಕೂ ಹೋದೆ. ನಾನು ಮೊಬೈಲ್ ನೆಟ್‌ವರ್ಕಿನ ಸಾಫ್ಟ್‌ವೇರನ್ನು ಟೆಸ್ಟ್ ಮಾಡುವವಳು. ತಪ್ಪು ಹುಡುಕುವುದೇ ಕೆಲಸ, ಅದನ್ನು ಅಳದೆಯೂ ಮಾಡಬಹುದು.

ಆಫೀಸಿನ ಸ್ವೀಡಿಷ್ ಸಹೋದ್ಯೋಗಿಯೊಬ್ಬಳು ಮೊದಲ ದಿನವೇ ಫೀಕಾ ಎನ್ನುವ ಕಾಫಿ ಬಿಡುವಿನ ಹೊತ್ತಿನಲ್ಲಿ ಲೋಟ ಕೆಳಗಿಟ್ಟು, 'ನಿನ್ನ ಮಗಳು ಹೋದದ್ದು ತಿಳಿದು ಬಹಳ ಬೇಸರವಾಯಿತು' ಎಂದಳು. ಅಷ್ಟೇ, ಮತ್ತೆ ಆ ಮಾತು ಎತ್ತಲಿಲ್ಲ. ನಮ್ಮ ಕನ್ನಡದವರು ಅದನ್ನೂ ಹೇಳಲಿಲ್ಲ. ಅವರು ಕೆಟ್ಟವರಲ್ಲ. ಸಾರು ಬಂತು, ಪಲ್ಯ ಬಂತು, ಚಪಾತಿ ಡಬ್ಬಿಗಳು ಬಾಗಿಲ ಹಿಡಿಗೆ ತೂಗಿಕೊಂಡು ಬಂದವು. ನನ್ನ ಅತ್ತೆಯವರೂ ಫೋನಿನಲ್ಲಿ 'ಹಾಗಾಯ್ತಲ್ಲ' ಎಂದರೇ ಹೊರತು ಹೇಗಾಯಿತು, ಯಾರಿಗಾಯಿತು ಎನ್ನಲಿಲ್ಲ. ಮಗು ಎಂಬ ಪದವೇ ನಮ್ಮ ಮನೆಯ ಸುತ್ತಮುತ್ತ ನಿಂತುಹೋಯಿತು. ನಾನು ಬಂದರೆ ತಾಯಂದಿರು ತಮ್ಮ ಮಕ್ಕಳನ್ನು ಒಳಗಿನ ಕೋಣೆಗೆ ಕಳಿಸುತ್ತಿದ್ದರು. ಅವರ ಈ ಕರುಣೆ ನನಗೆ ಕಿರಿಕಿರಿಯಾಗಿತ್ತು, ಆದರೆ ಕಿರಿಕಿರಿಪಡಲೂ ಸ್ವಲ್ಪ ಶಕ್ತಿ ಬೇಕು.

ಆ ಶನಿವಾರ ಕಾರಿನಲ್ಲಿ ನಾವು ನಾಲ್ವರು. ನಾನು, ನನ್ನ ಗಂಡ, ನಮ್ಮದೇ ಕಟ್ಟಡದ ಮೇಲಿನ ಮಹಡಿಯ ಗೆಳತಿ, ಅವಳ ಗಂಡ. ನನ್ನ ಗಂಡ ಕಾಲೇಜಿನಿಂದ ಗೊತ್ತಿದ್ದವನು, ಅವನಿಗೆ ಬಹುವಚನ ಅತ್ತೆಯವರ ಎದುರಿಗೆ ಮಾತ್ರ. ಗೆಳತಿ ಮಂಗಳೂರಿನವಳು, ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ, ಆ ಲೆಕ್ಕದಲ್ಲಿ ನನ್ನ ಗಂಡ ಅವಳಿಗೆ ಭಾವ. ಬೆಂಗಳೂರಿನವರ ನಡುವೆ ನಮ್ಮ ಹಾಗೇ ಮಾತಾಡುತ್ತಾಳೆ. ಗಾಬರಿಯಾದಾಗ ಮಾತ್ರ ಅವಳ ಊರಿನ 'ಎಂತ', 'ಉಂಟು'ಗಳು ಹೊರಗೆ ಬರುತ್ತವೆ. ಮೊದಲು ದಿನಕ್ಕೆರಡು ಸಲ ನಮ್ಮ ಮನೆಗೆ ಇಳಿದು ಬರುತ್ತಿದ್ದವಳು ಚಳಿಗಾಲದ ಮಧ್ಯದಿಂದ ಬರುವುದು ಕಡಿಮೆ ಮಾಡಿದ್ದಳು. ಆಫೀಸಿನಲ್ಲಿ ಕೆಲಸ ಜಾಸ್ತಿ ಅಕ್ಕ ಎಂದಿದ್ದಳು. ನಾನು ನಂಬಿದ್ದೆ. ನಂಬದಿರಲೂ ಶಕ್ತಿ ಬೇಕಿತ್ತು.

ದಾರಿಯಲ್ಲಿ ನನ್ನ ಗಂಡ ಹಿಂದೆ ತಿರುಗಿ, "ಬರೋ ಶನಿವಾರ ಟೋರ್ಸ್‌ಲಾಂಡಕ್ಕೆ ಹೋಗಿಬರೋಣ್ವಾ?" ಎಂದು ಕೇಳಿದ. ದೇಶದ ಪಶ್ಚಿಮ ಕರಾವಳಿಯ ಆ ಊರಿನ ಕಾರ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ಅವನ ದಾಯಾದಿಯೊಬ್ಬನಿದ್ದಾನೆ. ನಾವು ಸ್ವೀಡನ್ನಿಗೆ ಬಂದಾಗಿನಿಂದ ಒಮ್ಮೆ ಹೋಗಿ, ಇನ್ನೊಮ್ಮೆ ಹೋಗಬಾರದು ಎಂದು ಇಬ್ಬರೂ ಒಪ್ಪಿಕೊಂಡಿದ್ದ ಮನೆ ಅದು.

"ಯಾಕೆ?" ಎಂದೆ.

"ಸುಮ್ನೆ. ನಿನಗೂ ಚೇಂಜ್ ಇರತ್ತೆ."

ಮುಂದಿನ ಸೀಟಿನಲ್ಲಿದ್ದ ಗೆಳತಿಯ ಗಂಡ ರಸ್ತೆಯನ್ನೇ ನೋಡುತ್ತ ಕಾರು ಓಡಿಸುತ್ತಿದ್ದ. ನನ್ನ ಪಕ್ಕದಲ್ಲಿ ಗೆಳತಿ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡಿದ್ದಳು. ಸರಿ, ಹೋಗೋಣ ಎಂದೆ.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಕೋಟು ತೂಗುಹಾಕಲು ಮರದ ಗೂಟಗಳ ಸಾಲಿತ್ತು. ಈ ದೇಶದಲ್ಲಿ ಒಳಗೆ ಬಂದವರು ಮೊದಲು ಮಾಡುವ ಕೆಲಸ ಕೋಟು ತೆಗೆಯುವುದು. ತೆಗೆಯದವನು ಈಗಲೇ ಹೊರಡುತ್ತೇನೆ ಎಂದ ಹಾಗೆ. ನಾವು ಮೂವರೂ ತೆಗೆದೆವು. ಗೆಳತಿ ಮಂಡಿಯವರೆಗೆ ಬರುವ ಅವಳ ದಪ್ಪ ಕೋಟಿನ ಜಿಪ್ಪನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡು, "ಚಳಿ ಅಕ್ಕ" ಎಂದಳು. ಒಳಗೆ ಹೀಟರು ಉರಿಯುತ್ತಿತ್ತು. ಅವಳ ಮೂಗಿನ ಮೇಲೆ ಬೆವರಿತ್ತು.

ನಮ್ಮನ್ನು ಸುತ್ತಾಡಿಸಿದವರು ನಿವೃತ್ತ ಶಾಲಾ ಟೀಚರಂತೆ ಕಾಣುವ ಒಬ್ಬ ವಯಸ್ಸಾದ ಹೆಂಗಸು. ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದೇ ವಾಕ್ಯ ಮುಗಿಸಿ ಮಾತಾಡುತ್ತಿದ್ದರು. ನೆರೆಯ ದೇಶವನ್ನು ಆಕ್ರಮಿಸಿಕೊಂಡಿದ್ದ ಸೈನ್ಯದ ತಂತಿಗಳು ಸ್ವೀಡನ್ನಿನ ನೆಲದ ಮೇಲೇ ಹಾದುಹೋಗುತ್ತಿದ್ದವಂತೆ. ಆ ತಂತಿಗಳಿಗೆ ಇವರು ಇನ್ನೊಂದು ತಂತಿ ಜೋಡಿಸಿದರಂತೆ. ಒಂದು ಕೋಣೆಯಲ್ಲಿ ಟೈಪ್‌ರೈಟರಿನ ಜಾತಿಯ ಯಂತ್ರಗಳು. ಅವುಗಳಿಂದ ಉದ್ದನೆಯ ಕಾಗದದ ಪಟ್ಟಿ ಹೊರಗೆ ಬರುತ್ತಿತ್ತು. ಹರೆಯದ ಹುಡುಗಿಯರು ಅದನ್ನು ಕತ್ತರಿಸಿ, ಹಾಳೆಗಳ ಮೇಲೆ ಅಂಟಿಸಿ, ಪಕ್ಕದ ಕೋಣೆಯ ಗಣಿತದವರಿಗೆ ಕೊಡುತ್ತಿದ್ದರು. ಯಾವ ಹಡಗು ಮುಳುಗಿತು, ಎಷ್ಟು ಜನ ಸತ್ತರು ಎಂಬುದನ್ನೆಲ್ಲ ಓದಿ, ಸಂಜೆ ಕೈ ತೊಳೆದುಕೊಂಡು ಮನೆಗೆ ಹೋಗಿ, ಊಟದ ಹೊತ್ತಿನಲ್ಲಿ ಆಲೂಗಡ್ಡೆಯ ವಿಷಯ ಮಾತಾಡಬೇಕಿತ್ತು. ಗಂಡನಿಗೂ ಹೇಳುವಂತಿರಲಿಲ್ಲ. ನನ್ನ ಗಂಡ 'ವಾವ್' ಎಂದ. ನನಗೆ ಆ ಹುಡುಗಿಯರ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ಅವರ ಅಂಟಿನ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಕಚ್ಚಿಕೊಂಡಿರುವುದನ್ನು ನೋಡುತ್ತ ನಿಂತಿದ್ದೆ.

ಆಮೇಲೆ ನಮ್ಮ ಗೈಡ್ ಗೋಡೆಯ ಮೇಲಿನ ದೊಡ್ಡ ನಕ್ಷೆಯ ಮುಂದೆ ನಿಂತರು. ಪಟ್ಟಣದಿಂದ ಪಟ್ಟಣಕ್ಕೆ ಬಣ್ಣಬಣ್ಣದ ದಾರಗಳು. ಸಂದೇಶ ಬಿಡಿಸಲು ಬಾರದಿದ್ದ ದಿನಗಳಲ್ಲೂ ಇಲ್ಲಿ ಯಾರೂ ಸುಮ್ಮನೆ ಕೂರುತ್ತಿರಲಿಲ್ಲ ಎಂದರು. ಯಾರು ಯಾರೊಂದಿಗೆ ಮಾತಾಡುತ್ತಾರೆ, ಎಷ್ಟು ಮಾತಾಡುತ್ತಾರೆ ಎಂಬುದನ್ನಷ್ಟೇ ಗಮನಿಸುತ್ತಿದ್ದರು.

"ದಿನವೂ ಗಲಗಲ ಎನ್ನುತ್ತಿದ್ದ ತಂತಿಯೊಂದು ಇದ್ದಕ್ಕಿದ್ದಂತೆ ಸುಮ್ಮನಾದರೆ, ಹೊಸಬರು ಅಲ್ಲಿ ಏನೂ ನಡೆಯುತ್ತಿಲ್ಲ ಎಂದುಕೊಳ್ಳುತ್ತಿದ್ದರು" ಎಂದರು ಆಕೆ. "ಅನುಭವಸ್ಥರು ಹಾಗೆ ಅಂದುಕೊಳ್ಳುತ್ತಿರಲಿಲ್ಲ. ಜನ ಮಾತು ನಿಲ್ಲಿಸುವುದಿಲ್ಲ. ನಾವು ಕೇಳುತ್ತಿದ್ದೇವೆ ಎಂದು ಅವರಿಗೆ ಗೊತ್ತಾಗಿದೆ. ಮಾತು ಬೇರೆ ತಂತಿಗೆ ಹೋಗಿದೆ. ಏನೋ ದೊಡ್ಡದನ್ನು ಸಿದ್ಧಮಾಡುತ್ತಿದ್ದಾರೆ."

ನಾನು ಆಗ ಯೋಚಿಸಿದ್ದು ಯುದ್ಧವನ್ನಲ್ಲ, ನಮ್ಮ ವಾಟ್ಸಾಪ್ ಗ್ರೂಪನ್ನು. ಕಾರ್ಲ್‌ಸ್ಕ್ರೂನಾದ ಕನ್ನಡದವರೆಲ್ಲ ಇರುವ ಗ್ರೂಪ್ ಅದು. ಅಲ್ಲಿ ಕರಿಬೇವು ಎಲ್ಲಿ ಸಿಗುತ್ತದೆ ಎಂಬುದರಿಂದ ಹಿಡಿದು, ಇಲ್ಲಿನ ಶಿಶುವಿಹಾರ ಡಾಗಿಸ್‌ನಲ್ಲಿ ಯಾರ ಮಗು ಯಾರ ಮಗುವನ್ನು ಕಚ್ಚಿತು ಎಂಬುದರವರೆಗೆ ಸದಾ ಸಂತೆ. ಈಚೆಗೆ ಕೆಲವು ವಾರಗಳಿಂದ ಅದರಲ್ಲಿ ಬೆಳಗಿನ ಹೂವಿನ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಯುಗಾದಿಗೂ ಒಬ್ಬಟ್ಟು ಯಾರು ಮಾಡುತ್ತಾರೆ ಎಂಬ ಜಗಳ ಆಗಿರಲಿಲ್ಲ, ಒಬ್ಬಟ್ಟು ಮಾತ್ರ ನಮ್ಮ ಬಾಗಿಲಿಗೆ ಬಂದಿತ್ತು. ಜನರಿಗೆ ಬೇಸರ ಹಿಡಿದಿರಬೇಕು ಎಂದುಕೊಂಡಿದ್ದೆ. ನಾನು ಆ ಕೋಣೆಯ ಹೊಸಬಳಾಗಿದ್ದೆ.

"ನಮ್ಮ ಗ್ರೂಪೂ ಈಚೆಗೆ ಸುಮ್ಮನಾಗಿದೆ ಅಲ್ವಾ?" ಎಂದೆ ಗಂಡನಿಗೆ.

"ಇಲ್ಲಪ್ಪ, ಬೇರೆ ಗ್ರೂಪೆಲ್ಲ ಯಾರೂ ಮಾಡಿಲ್ಲ" ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೇರೆ ಗ್ರೂಪಿನ ಮಾತೇ ಎತ್ತಿರಲಿಲ್ಲ. ಅವನಿಗೂ ಅದು ತಕ್ಷಣ ಹೊಳೆದಿರಬೇಕು, ನಕ್ಷೆಯ ಹತ್ತಿರ ಹೋಗಿ ದಾರಗಳನ್ನು ಬಗ್ಗಿ ನೋಡತೊಡಗಿದ.

ಸುತ್ತಾಟ ಮುಗಿದ ಮೇಲೆ ಗಂಡಸರು ಹಿತ್ತಲಿನಲ್ಲಿದ್ದ ಹಳೆಯ ಆಂಟೆನಾ ಕಂಬ ನೋಡಲು ಹೋದರು. ಇಬ್ಬರೂ ರೇಡಿಯೊ ಸಾಫ್ಟ್‌ವೇರಿನವರು, ಅವರಿಗೆ ಅದು ದೇವಸ್ಥಾನದ ಧ್ವಜಸ್ತಂಭವಿದ್ದಂತೆ. ನಾವಿಬ್ಬರು ಮ್ಯೂಸಿಯಮ್ಮಿನ ಚಿಕ್ಕ ಕೆಫೆಯಲ್ಲಿ ಕೂತೆವು. ಗೆಳತಿ ಆಗಲೂ ಕೋಟಿನಲ್ಲೇ ಇದ್ದಳು. ಅಲ್ಲಿನ ವಿಶೇಷ ಎಂದರೆ ಬಾಲ್ಟಿಕ್ ಸಮುದ್ರದ ಸಣ್ಣ ಮೀನನ್ನು ಹುರಿದು ಬ್ರೆಡ್ಡಿನ ಮೇಲಿಟ್ಟು ಕೊಡುವುದು. ನಾನು ಅವಳಿಗಾಗಿಯೇ ಒಂದು ತಟ್ಟೆ ತಂದೆ, ಏಕೆಂದರೆ ಈ ಹುಡುಗಿ ಮೀನಿನ ವಾಸನೆ ಹಿಡಿದು ಬಂದರಿನ ಬೋಟುಗಳ ಹಿಂದೆ ಹೋಗುವವಳು. ನನ್ನಂಥ ಪುಳಿಚಾರಿಗೆ ಮೀನು ಸ್ವಚ್ಛಮಾಡುವುದನ್ನು ಕಲಿಸಿದವಳೂ ಅವಳೇ.

"ಬೇಡ ಅಕ್ಕ, ಹಸಿವಿಲ್ಲ" ಎಂದಳು.

"ಕಾಫಿ?"

"ಅದೂ ಬೇಡ. ನೀರು ಸಾಕು."

ಬಾಲ್ಟಿಕ್ ಮೀನು ಬೇಡ, ಕಾಫಿ ಕಡಿಮೆ, ಮೆತ್ತನೆಯ ಚೀಸ್ ಬೇಡ. ಇದನ್ನೆಲ್ಲ ಇಲ್ಲಿನ ನರ್ಸು ಯಾರಿಗೆ, ಯಾವಾಗ ಹೇಳುತ್ತಾಳೆ ಎಂದು ನನಗೆ ಗೊತ್ತಿಲ್ಲವೇ. ಅಂಗೈ ಹುಣ್ಣು ನೋಡಿಕೊಳ್ಳಲು ಕನ್ನಡಿ ಬೇಕಾಗಿರಲಿಲ್ಲ. ಮಂಗಳೂರಿನವಳು ಮೀನಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ್ದಳು, ಬಿಸಿ ಕೋಣೆಯಲ್ಲಿ ಕೋಟು ಹಾಕಿಕೊಂಡು ಬೆವರುತ್ತಿದ್ದಳು, ಇಡೀ ಊರಿನ ಕನ್ನಡದವರು ನನಗೆ ಕೇಳಿಸದ ಹಾಗೆ ಬೇರೆಡೆ ಮಾತಾಡುತ್ತಿದ್ದರು, ನನ್ನನ್ನು ಬರುವ ಶನಿವಾರ ಊರಿನಿಂದ ಹೊರಗೆ ಸಾಗಿಸುವ ಏರ್ಪಾಡಾಗಿತ್ತು.

"ಎಷ್ಟು ತಿಂಗಳು?" ಎಂದೆ.

ಅವಳು ನೀರಿನ ಲೋಟ ಹಿಡಿದೇ ಇದ್ದಳು. "ಆರು ಮುಗೀತು ಅಕ್ಕ."

"ಬರೋ ಶನಿವಾರ ಸೀಮಂತ."

"ಹೌದು." ಅವಳ ಕಣ್ಣು ತುಂಬಿತು. "ಇವತ್ತು ಹೇಳ್ಬೇಕು ಅಂತಲೇ ಬಂದದ್ದು ನಾನು. ಕಾರಲ್ಲಿ ಹೇಳುವ ಅಂತ ಇದ್ದೆ, ಬಾಯಿ ಬರ್ಲಿಲ್ಲ. ನೀವು ಎಂತ ತಿಳ್ಕೊಳ್ತೀರೋ ಅಂತ ದಿನಾ ಹೆದರಿಕೆ ಉಂಟು ನಂಗೆ."

ಅವಳು ಅಳುತ್ತಿದ್ದಳು, ನಾನು ಟಿಶ್ಯೂ ಕೊಟ್ಟೆ. ಸಮಾಧಾನ ಮಾಡಬೇಕಾದವಳು ನಾನಾದದ್ದು ತಮಾಷೆಯಾಗಿ ಕಂಡಿತು. ಅವಳ ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ನನ್ನೊಳಗೆ ಹುಡುಕಿದೆ. ಹೊಟ್ಟೆಕಿಚ್ಚು ಇರಲಿಲ್ಲ. ಸಂತೋಷವೂ ಇರಲಿಲ್ಲ. ಆದರೆ ಒಂದು ಸಂಗತಿ ಮಾತ್ರ ತಿಳಿಯಲೇಬೇಕಿತ್ತು. ಬಸುರಿಗೆ ಹಸಿರು ಬಳೆ ತೊಡಿಸಲು ಮಕ್ಕಳೊಂದಿಗರನ್ನು ಕರೆಯುತ್ತಾರೆ, ಮಗು ಕಳೆದುಕೊಂಡವಳನ್ನು ಕರೆಯುವುದಿಲ್ಲ. ನಮ್ಮಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನನ್ನ ಕೈ ಈಗ ಅಂಥ ಕೈಯಾಗಿದೆಯೇ ಎಂಬುದಷ್ಟೇ ನನಗೆ ಬೇಕಿತ್ತು.

"ನಾನು ಬರಬಾರದು ಅಂತ ಯಾರು ಅಂದಿದ್ದು? ನಿಮ್ಮಮ್ಮನಾ?"

"ಅಯ್ಯೋ, ಇಲ್ಲ ಅಕ್ಕ. ಅಮ್ಮ ಎಂತ ಹೇಳ್ಲಿಲ್ಲ. ನಿಮ್ಮನ್ನೇ ಮೊದ್ಲು ಕರೀಬೇಕು ಅಂತ ನಾನು ಇವರ ಹತ್ರ ಜಗಳ ಮಾಡಿದ್ದೇನೆ."

"ಮತ್ತೆ?"

ಅವಳು ಕಿಟಕಿಯ ಹೊರಗೆ ನೋಡಿದಳು. ಹಿತ್ತಲಿನಲ್ಲಿ ಇಬ್ಬರು ಗಂಡಸರೂ ಕತ್ತೆತ್ತಿ ಕಂಬದ ತುದಿ ನೋಡುತ್ತಿದ್ದರು.

"ಭಾವನೇ ಹೇಳಿದ್ದು" ಎಂದಳು. "ಅಕ್ಕನಿಗೆ ಗೊತ್ತಾಗೋದು ಬೇಡ, ಅವಳಿಗೆ ತಡ್ಕೊಳ್ಳೋಕಾಗಲ್ಲ ಅಂತ ಎಲ್ಲರಿಗೂ ಹೇಳಿದ್ರು. ಅದಕ್ಕೇ ಬೇರೆ ಗ್ರೂಪ್ ಮಾಡಿದ್ದು."

ನಾನು ಕಾಫಿ ಮುಗಿಸಿದೆ. ಮೀನಿನ ತಟ್ಟೆಯನ್ನೂ ಮುಗಿಸಿದೆ, ಹಣ ಕೊಟ್ಟು ತಂದದ್ದನ್ನು ಬಿಡುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಗೆಳತಿಗೆ ಕೋಟು ತೆಗೆದು ಆರಾಮಾಗಿ ಕೂರಲು ಹೇಳಿದೆ. ತೆಗೆದಳು. ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು.

ಕಾರು ನಿಲ್ಲಿಸಿದ ಕಡೆ ಗಂಡ ಒಬ್ಬನೇ ಸಿಕ್ಕಿದ, ಗೆಳತಿಯ ಗಂಡ ಅವಳನ್ನು ಕರೆತರಲು ಒಳಗೆ ಹೋಗಿದ್ದ. ನೆಲದ ಮೇಲೆ ಪೈನ್ ಸೂಜಿಗಳು ಒದ್ದೆಯಾಗಿ ಬಿದ್ದಿದ್ದವು.

"ಅವಳು ಹೇಳಿದ್ಲು" ಎಂದೆ. "ನೀನೇ ಅಂತೆ."

ಅವನು ಒದ್ದೆ ಸೂಜಿಗಳನ್ನು ಬೂಟಿನ ತುದಿಯಿಂದ ಪಕ್ಕಕ್ಕೆ ಸರಿಸಿದ.

"ನನಗೆ ಬೇಜಾರಾಗತ್ತೆ ಅಂತಾನಾ?"

"ಹೂಂ."

"ಸುಳ್ಳು. ನನಗೆ ಏನೂ ಆಗ್ತಿಲ್ಲ ಅಂತ ನಿನಗೆ ಗೊತ್ತು. ಇಷ್ಟು ದಿನದಿಂದ ನೋಡ್ತಿದ್ದೀಯಲ್ಲ."

ಅವನು ಕಾರಿನ ಬಾನೆಟ್ ಮೇಲೆ ಕೈಯೂರಿ, "ನಿನಗಲ್ಲ" ಎಂದ. "ನನಗೆ. ನನಗೆ ಅಲ್ಲಿ ನಿಂತ್ಕೊಳ್ಳೋಕಾಗಲ್ಲ. ನೀನು ಹೋಗೋದಾದ್ರೆ ನಾನೂ ಬರಬೇಕಾಗತ್ತೆ. ನಿನ್ನ ಹೆಸರು ಹೇಳಿದ್ರೆ ಯಾರೂ ಪ್ರಶ್ನೆ ಕೇಳಲ್ಲ."

ಸಿಟ್ಟು ಬಂತು. ಹೊಟ್ಟೆಯಿಂದ ಮೇಲೆದ್ದು ಕಿವಿ ಬಿಸಿ ಮಾಡುವಂಥ ಅಪ್ಪಟ ಸಿಟ್ಟು. ಎಷ್ಟೋ ದಿನದ ಮೇಲೆ ಏನೋ ಒಂದು ಬಂತಲ್ಲ ಎಂದು ಒಳಗೊಳಗೇ ಆಶ್ಚರ್ಯವೂ ಆಯಿತು. ಊರಿನ ಜನರೆಲ್ಲ ನನ್ನನ್ನು ಒಡೆದ ಗಾಜಿನ ಹಾಗೆ ಕಾಣುತ್ತಿದ್ದುದು ಇವನು ನನ್ನ ಸೆರಗಿನ ಹಿಂದೆ ಅಡಗಿಕೊಳ್ಳಲಿ ಎಂದು.

"ಹಾಗಿದ್ರೆ ನೀನೊಬ್ಬನೇ ಟೋರ್ಸ್‌ಲಾಂಡಕ್ಕೆ ಹೋಗು" ಎಂದೆ. "ನಾನು ಅವಳಿಗೆ ಬಳೆ ತೊಡಿಸೋಕೆ ಹೋಗ್ತೀನಿ. ಯಾರಾದ್ರೂ ಬೇಡ ಅಂದ್ರೆ ಅಲ್ಲೇ ಕೇಳ್ತೀನಿ, ಯಾಕೆ ಅಂತ."

ಅವನು ತಲೆಯಾಡಿಸಿದ. ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದೆ, ಬರಲಿಲ್ಲ. ಮ್ಯೂಸಿಯಮ್ಮಿನ ಬಾಗಿಲು ತೆರೆಯಿತು, ಗೆಳತಿ ಮೆಟ್ಟಿಲ ಮೇಲೆ ನಿಂತು ಗಂಡನ ಕೈಗೆ ಕೋಟು ಕೊಟ್ಟಳು. ನನ್ನವನು ಆ ಕಡೆ ಒಮ್ಮೆ ನೋಡಿ ಬೆನ್ನು ತಿರುಗಿಸಿದ.

"ನಾನು ಅವಳನ್ನ ನೋಡಲಿಲ್ಲ" ಎಂದ.

"ಯಾರನ್ನ?"

"ನಮ್ಮ ಮಗಳನ್ನ."

ನನಗೆ ಅರ್ಥವಾಗಲಿಲ್ಲ. ಆಸ್ಪತ್ರೆಯಲ್ಲಿ ಅವನು ನನ್ನ ಜೊತೆಗೇ ಇದ್ದ, ನಾನು ಅವಳನ್ನು ಎತ್ತಿಕೊಂಡಾಗ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದ. ನನಗೆ ನಿದ್ದೆ ಬಂದ ಮೇಲೆ ಅವನೂ ಎತ್ತಿಕೊಂಡಿರುತ್ತಾನೆ ಎಂದೇ ನಾನು ನಂಬಿದ್ದೆ.

"ನಿಂತಿದ್ದೆ. ನಿನ್ನ ಮುಖ ನೋಡ್ತಿದ್ದೆ, ಅವಳನ್ನ ನೋಡಲಿಲ್ಲ" ಎಂದ. "ನರ್ಸ್ ಎರಡು ಸಲ ಕೇಳಿದ್ರು, ಎತ್ಕೊಳ್ತೀರಾ ಅಂತ. ಆಮೇಲೆ ಅಂದೆ. ಆಮೇಲೆ ಅವರು ತಗೊಂಡು ಹೋದ್ರು." ಅವನ ದನಿ ಹಾಗೆ ಒಡೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಹೇಗಿದ್ಲು?"

ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ತಲೆ ತುಂಬ ಕೂದಲಿತ್ತು, ಕಪ್ಪಗೆ, ಒದ್ದೆಯಾಗಿತ್ತು ಎಂದೆ. ಕಿವಿ ನಿನ್ನದು, ಮೇಲ್ಗಡೆ ಸ್ವಲ್ಪ ಮಡಿಚಿತ್ತು. ಗಲ್ಲ ನನ್ನದು. ಹುಬ್ಬು ಯಾರದೋ ಗೊತ್ತಿಲ್ಲ, ಇನ್ನೂ ಸರಿಯಾಗಿ ಬಂದಿರಲಿಲ್ಲ. ಕೈಬೆರಳು ಉದ್ದ. ಬಾಯಿ ಚೂರು ತೆರೆದಿತ್ತು, ಏನೋ ಕೇಳಿಸಿಕೊಳ್ಳುವವರ ಹಾಗೆ.

ಅವರಿಬ್ಬರೂ ಮೆಟ್ಟಿಲಿಳಿದು ಕಾರಿನ ಕಡೆಗೆ ಬರುತ್ತಿದ್ದರು. ನನ್ನ ಗಂಡ ಬೆನ್ನು ಹಾಕಿಕೊಂಡೇ, "ಇನ್ನೊಂದ್ಸಲ ಹೇಳು" ಎಂದ.

ಅವರು ಹತ್ತಿರ ಬಂದು ನಿಂತರು. ಅವರ ಎದುರಿಗೇ ಇನ್ನೊಂದು ಸಲ ಹೇಳಿದೆ.